ಕುರಿ ನಡೆಯುವ ದಾರಿಗೆ ಪಹಣಿ ಇಲ್ಲ

ಭಾನುವಾರ ಬೆಳಗ್ಗೆ ಬೆಂಗಳೂರಿನ ಯಾವ ಬಡಾವಣೆಗೆ ಹೋದರೂ ಮಟನ್ ಅಂಗಡಿ ಮುಂದೆ ಜನ ನಿಂತಿರುತ್ತಾರೆ. ಬನ್ನೂರು ಕುರಿನಾ, ಎಳೇದಾ, ಕೆ.ಜಿ.ಗೆ ಎಷ್ಟು ಅಂತ ವಿಚಾರಿಸುತ್ತಾರೆ. ಆ ಕುರಿ ಯಾರ ನೆಲದಲ್ಲಿ ಮೇಯ್ದು ಬೆಳೆಯಿತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ಈ ವರ್ಷ ವಿಶ್ವಸಂಸ್ಥೆ ಆ ಪ್ರಶ್ನೆ ಎತ್ತಿಕೊಂಡಿದೆ. 2026 ಅನ್ನು ಹುಲ್ಲುಗಾವಲುಗಳ ಮತ್ತು ಪಶುಪಾಲಕರ ಅಂತರರಾಷ್ಟ್ರೀಯ ವರ್ಷ ಎಂದು ಘೋಷಿಸಿದೆ. ಪ್ರಸ್ತಾಪ ತಂದದ್ದು ಮಂಗೋಲಿಯಾ. ಸಾಮಾನ್ಯ ಸಭೆ ಅದನ್ನು ಒಪ್ಪಿದ್ದು 2022ರ ಮಾರ್ಚ್‌ನಲ್ಲಿ. ಆಚರಣೆಯ ಹೊಣೆ ಆಹಾರ ಮತ್ತು ಕೃಷಿ ಸಂಸ್ಥೆಯದ್ದು, ಅಂದರೆ ಎಫ್‌ಎಒದ್ದು. ಮರುಭೂಮೀಕರಣ ತಡೆಯುವ ಒಪ್ಪಂದದ 17ನೇ ಸಮಾವೇಶವೂ ಇದೇ ವರ್ಷದ ಆಗಸ್ಟ್‌ಗೆ, ಮಂಗೋಲಿಯಾದ ರಾಜಧಾನಿ ಉಲಾನ್‌ಬಾತರ್‌ನಲ್ಲೇ ನಿಗದಿಯಾಗಿದೆ.

ಇಂಥ 'ವರ್ಷ'ಗಳ ಬಗ್ಗೆ ಸ್ವಲ್ಪ ಅನುಮಾನ ಇಟ್ಟುಕೊಳ್ಳುವುದು ಒಳ್ಳೆಯದು. 2023 ಸಿರಿಧಾನ್ಯದ ವರ್ಷ ಆಗಿತ್ತು, ನೆನಪಿದೆ ಅಲ್ವಾ? ಬೆಂಗಳೂರಿನ ಸೂಪರ್ ಮಾರ್ಕೆಟ್‌ಗಳಲ್ಲಿ ನವಣೆ ಬಿಸ್ಕತ್ತು, ಸಾಮೆ ನೂಡಲ್ಸ್ ಸಾಲಾಗಿ ಬಂದವು. ಬಿತ್ತಿದವನ ಕೈಗೆ ಎಷ್ಟು ಹೋಯಿತು ಅನ್ನುವುದು ಬೇರೆ ಲೆಕ್ಕ. ಹುಲ್ಲುಗಾವಲಿನ ವಿಷಯ ಅದಕ್ಕಿಂತ ಕಷ್ಟದ್ದು. ಸಿರಿಧಾನ್ಯ ಬೆಳೆಯುವವನಿಗೆ ಕೊನೇಪಕ್ಷ ಒಂದು ಹೊಲ ಇರುತ್ತದೆ, ಅದಕ್ಕೊಂದು ಪಹಣಿ ಇರುತ್ತದೆ. ಕುರಿಗಾಹಿ ಬದುಕುವುದು ದಾರಿಯ ಮೇಲೆ. ದಾರಿಗೆ ಪಹಣಿ ಇಲ್ಲ.

ಜಗತ್ತಿನ ಪ್ರಯತ್ನಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರೆ ನನಗೆ ಕಾಣುವುದು ಇಷ್ಟು. ಹಣ, ವಿಮೆ, ಲಸಿಕೆ, ಉಪಗ್ರಹ ಎಲ್ಲ ಬರುತ್ತಿವೆ. ಆದರೆ ವರ್ಷದಲ್ಲಿ ಒಂದೆರಡು ತಿಂಗಳು ಮಾತ್ರ ಒಂದು ನೆಲವನ್ನು ಬಳಸಿ ಮುಂದಕ್ಕೆ ಹೋಗುವ ಮನುಷ್ಯನ ಹಕ್ಕನ್ನು ಬರೆದಿಡಲು ಬಹಳ ದೇಶಗಳಿಗೆ ಇನ್ನೂ ಬಂದಿಲ್ಲ. ನಮ್ಮ ಕರ್ನಾಟಕಕ್ಕೂ ಬಂದಿಲ್ಲ. ಅದಿಲ್ಲದೆ ಉಳಿದದ್ದೆಲ್ಲ ತೇಪೆ ಕೆಲಸ.

ಮೊದಲು ನೆಲದ ಗಾತ್ರ ನೋಡೋಣ. 2021ರಲ್ಲಿ ಹಲವು ಅಂತರರಾಷ್ಟ್ರೀಯ ಸಂಸ್ಥೆಗಳು ಸೇರಿ ಹುಲ್ಲುಗಾವಲುಗಳ ಒಂದು ಭೂಪಟ ತಂದವು. ಸಮುದ್ರ ಬಿಟ್ಟು ಭೂಮಿಯ ಒಟ್ಟು ನೆಲದಲ್ಲಿ ಶೇ 54ರಷ್ಟು ಈ ಬಗೆಯದ್ದು ಎಂದು ಅದು ಹೇಳಿತು. ಹುಲ್ಲು ಬಯಲು, ಕುರುಚಲು, ಅಲ್ಲಲ್ಲಿ ಮರ ಇರುವ ಸವನ್ನಾ, ಮರುಭೂಮಿಯ ಅಂಚು, ಧ್ರುವದ ಕಡೆಯ ಟಂಡ್ರಾ ಎಲ್ಲ ಇದರಲ್ಲಿ ಬರುತ್ತವೆ. 2024ರ ಮೇ ತಿಂಗಳಲ್ಲಿ ಮರುಭೂಮೀಕರಣ ಒಪ್ಪಂದದ ಕಚೇರಿ ಇನ್ನೊಂದು ವರದಿ ತಂದಿತು. ಈ ನೆಲದಲ್ಲಿ ಅರ್ಧದವರೆಗೆ ಹಾಳಾಗಿರಬಹುದು ಎಂದು ಅದರ ಅಂದಾಜು. ಜಗತ್ತಿನ ಆಹಾರದ ಶೇ 16ರಷ್ಟು, ಸಾಕು ಪ್ರಾಣಿಗಳ ಮೇವಿನ ಶೇ 70ರಷ್ಟು ಇಲ್ಲಿಂದಲೇ ಬರುತ್ತದೆ. ಕಾಡು ಕಡಿದರೆ ಜಗತ್ತೇ ಕೂಗುತ್ತದೆ. ಹುಲ್ಲುಗಾವಲು ಉತ್ತರೆ ಅದನ್ನು ಅಭಿವೃದ್ಧಿ ಅನ್ನುತ್ತಾರೆ.

ಜನ ಯಾಕೆ ಕುರಿ, ದನ ಹೊಡೆದುಕೊಂಡು ಊರೂರು ಸುತ್ತುತ್ತಾರೆ? ಬಡತನಕ್ಕೆ, ಅಥವಾ ಓದು ಬರಹ ಇಲ್ಲದ್ದಕ್ಕೆ ಅಂತ ಪೇಟೆಯವರು ಅಂದುಕೊಳ್ಳುವುದುಂಟು. ಒಣ ಸೀಮೆಯ ಮಳೆಯನ್ನು ನೋಡಿದರೆ ಕಾರಣ ತಿಳಿಯುತ್ತದೆ. ಒಂದು ಊರಿಗೆ ಹುಯ್ದ ಮಳೆ ಪಕ್ಕದ ಊರಿಗೆ ಬರುವುದಿಲ್ಲ. ಈ ವರ್ಷ ಹಸಿರಾದ ಬಯಲು ಮುಂದಿನ ವರ್ಷ ಬೋಳು. ಹುಲ್ಲಿನಲ್ಲಿ ಸತ್ವ ಜಾಸ್ತಿ ಇರುವುದು ಅದು ಎಳೆಯದಿರುವಾಗ, ಬಲಿತ ಮೇಲೆ ಕಡ್ಡಿ. ಹಾಗಾಗಿ ಮಳೆ ಬಿದ್ದ ಕಡೆ, ಹುಲ್ಲು ಚಿಗುರಿದ ಹೊತ್ತಿಗೆ ಹಿಂಡು ಅಲ್ಲಿರಬೇಕು. ತಿಂದು ಮುಂದಕ್ಕೆ ಹೋದರೆ ಹಿಂದಿನ ಹುಲ್ಲಿಗೆ ಮತ್ತೆ ಬೆಳೆಯಲು ಬಿಡುವು ಸಿಗುತ್ತದೆ. ಒಂದೇ ಕಡೆ ಕಟ್ಟಿಹಾಕಿದರೆ ಅದೇ ಹಿಂಡು ನೆಲವನ್ನು ಬೋಳು ಮಾಡುತ್ತದೆ. ಹುಲ್ಲುಗಾವಲು ಹಾಳಾಗಲು ಕುರಿ ಕಾರಣ ಅನ್ನುವ ಮಾತಿನಲ್ಲಿ ಅರ್ಧ ಮಾತ್ರ ನಿಜ ಇದೆ. ನಿಂತ ಕುರಿ ಕಾರಣ.

ಉತ್ತರ ಕರ್ನಾಟಕದ ಕುರಿಗಾಹಿಗಳ ವರ್ಷವನ್ನೇ ನೋಡಿ. ಬೆಳಗಾವಿ, ಬಾಗಲಕೋಟೆ ಕಡೆಯ ಕುರುಬರು ಸಾಕುವುದು ಹೆಚ್ಚಾಗಿ ಡೆಕ್ಕನಿ ಕುರಿ. ಕಪ್ಪು ಮೈ, ಒರಟು ಉಣ್ಣೆ, ದೂರ ನಡೆಯುವ ಕಾಲು. ಕೆಸರು, ಜಡಿಮಳೆ ಅದಕ್ಕೆ ಆಗಿಬರುವುದಿಲ್ಲ, ಗೊರಸು ಕೊಳೆಯುತ್ತದೆ. ಅದಕ್ಕೇ ಮಳೆಗಾಲದಲ್ಲಿ ಒಣ ಸೀಮೆಯ ತಮ್ಮ ಊರ ಸುತ್ತ ಇರುತ್ತಾರೆ. ಮಳೆ ನಿಂತು ಕೊಯ್ಲು ಆದ ಮೇಲೆ ಭತ್ತದ ಸೀಮೆ ಕಡೆ ಹೊರಡುತ್ತಾರೆ. ಅಲ್ಲಿ ರೈತರು ಖಾಲಿ ಹೊಲದಲ್ಲಿ ಕುರಿ ನಿಲ್ಲಿಸಿಕೊಳ್ಳುತ್ತಾರೆ. ರಾತ್ರಿ ಕುರಿ ಮಲಗಿದ ಹೊಲಕ್ಕೆ ಹಿಕ್ಕೆ, ಗಂಜಲ ಸಿಗುತ್ತದೆ. ಅದಕ್ಕೆ ಪ್ರತಿಯಾಗಿ ಕುರಿಗಾಹಿಗೆ ಕಾಳು ಅಥವಾ ದುಡ್ಡು. ಎರಡು ಕಡೆಗೂ ಲಾಭದ ಮಾತು, ಯಾವ ಇಲಾಖೆಯ ಯೋಜನೆಯೂ ಬೇಕಿರಲಿಲ್ಲ.

ಈ ಲೆಕ್ಕ ಈಗ ತಪ್ಪುತ್ತಿದೆ. ಬೋರ್‌ವೆಲ್ ಮತ್ತು ಕಾಲುವೆ ಬಂದಲ್ಲಿ ಎರಡನೇ ಬೆಳೆ ಬಂತು, ಹೊಲ ಖಾಲಿ ಇರುವ ದಿನ ಕಡಿಮೆಯಾಯಿತು. ಯೂರಿಯಾ ಬಂದ ಮೇಲೆ ಹಿಕ್ಕೆಗೆ ಕಾಯುವವರು ಕಡಿಮೆಯಾದರು. ಬೇಲಿ ಬಂತು, ಬಡಾವಣೆ ಬಂತು. ಕುರಿಗಾಹಿಯ ದಾರಿಯಲ್ಲಿ ಒಂದು ತಂಗುವ ಜಾಗ ಹೋದರೆ ಆ ಒಂದು ಜಾಗ ಮಾತ್ರ ಹೋಗುವುದಿಲ್ಲ. ನಡುವಿನ ಒಂದು ನಿಲ್ದಾಣದಲ್ಲಿ ನೀರು, ಊಟ ಎರಡೂ ಇಲ್ಲವಾದರೆ ಆ ದಾರಿಯ ಬಸ್ಸೇ ನಿಂತುಹೋದಂತೆ, ಮುಂದಿನ ಬಯಲಿನಲ್ಲಿ ಎಷ್ಟೇ ಹುಲ್ಲಿದ್ದರೂ ಅಲ್ಲಿಗೆ ತಲುಪುವುದು ಆಗುವುದಿಲ್ಲ. ಎಕರೆ ಲೆಕ್ಕದಲ್ಲಿ ಚಿಕ್ಕದಾಗಿ ಕಾಣುವ ನಷ್ಟ ದಾರಿಯ ಲೆಕ್ಕದಲ್ಲಿ ದೊಡ್ಡದು. ಸರ್ಕಾರಿ ಕಡತಗಳಲ್ಲಿ ಇರುವುದು ಎಕರೆ ಲೆಕ್ಕ ಮಾತ್ರ.

ಇನ್ನು ಆ ಕಡತಗಳಲ್ಲಿ ಈ ನೆಲಕ್ಕೆ ಇಟ್ಟ ಹೆಸರು ನೋಡಿ. ಕಂದಾಯ ಕೊಡದ ನೆಲವನ್ನು ಬ್ರಿಟಿಷರು ಪಾಳು ಎಂದು ಬರೆದರು. ನಾವು ಅದನ್ನೇ ಮುಂದುವರಿಸಿದೆವು. ಕೇಂದ್ರ ಸರ್ಕಾರ ಈಗಲೂ ಪಾಳು ಭೂಮಿಯ ಭೂಪಟ ಪ್ರಕಟಿಸುತ್ತದೆ. ಮೇಯುವ ಬಯಲು, ಕುರುಚಲು ಕಾಡು ದೊಡ್ಡ ಪ್ರಮಾಣದಲ್ಲಿ ಅದರಲ್ಲಿ ಸೇರಿವೆ. ಪಾಳು ಅಂದ ಮೇಲೆ ಏನಾದರೂ ಮಾಡಬೇಕಲ್ಲ? ಒಂದೋ ಗಿಡ ನೆಡಬೇಕು, ಇಲ್ಲವೇ ಕಾರ್ಖಾನೆ ತರಬೇಕು. 2019ರ ಸೆಪ್ಟೆಂಬರ್‌ನಲ್ಲಿ ಇದೇ ಮರುಭೂಮೀಕರಣ ಸಮಾವೇಶ ಗ್ರೇಟರ್ ನೊಯ್ಡಾದಲ್ಲಿ ನಡೆಯಿತು. 2030ರೊಳಗೆ 2.6 ಕೋಟಿ ಹೆಕ್ಟೇರ್ ಹಾಳು ನೆಲವನ್ನು ಸರಿಪಡಿಸುತ್ತೇವೆ ಎಂದು ಭಾರತ ಅಲ್ಲಿ ಮಾತು ಕೊಟ್ಟಿತು. ಮಾತು ಒಳ್ಳೆಯದೇ. ಆದರೆ ಸರಿಪಡಿಸುವುದು ಅಂದರೆ ಮರ ನೆಡುವುದು ಎಂದು ನಮ್ಮ ಇಲಾಖೆಗಳಿಗೆ ಒಂದು ಅಭ್ಯಾಸ ಇದೆ. ಹುಲ್ಲು ಬಯಲಿನಲ್ಲಿ ನೀಲಗಿರಿ ನೆಟ್ಟರೆ ಹುಲ್ಲೂ ಹೋಗುತ್ತದೆ, ಕೃಷ್ಣಮೃಗವೂ ಹೋಗುತ್ತದೆ. ಕೃಷ್ಣಮೃಗಕ್ಕೆಂದೇ ಅಭಯಾರಣ್ಯವಾದ ರಾಣೆಬೆನ್ನೂರಿನಲ್ಲೇ ನೀಲಗಿರಿ ತೋಪು ಎದ್ದಿದ್ದು ಈ ಅಭ್ಯಾಸದಿಂದ.

ಈ ತಪ್ಪನ್ನು ತೋರಿಸಿಕೊಟ್ಟವರಲ್ಲಿ ಬೆಂಗಳೂರಿನವರೂ ಇದ್ದಾರೆ. ಇಲ್ಲಿನ ಪರಿಸರ ಸಂಶೋಧನಾ ಸಂಸ್ಥೆ ಏಟ್ರೀಯ ಅಬಿ ವಾನಕ್ ಮತ್ತು ಪರಿಸರ ವಿಜ್ಞಾನಿ ಎಂ.ಡಿ. ಮಧುಸೂದನ್ ಸೇರಿ ದೇಶದ ಒಣ ಸೀಮೆಯ ತೆರೆದ ಬಯಲುಗಳ ಭೂಪಟ ಮಾಡಿದರು. ದೇಶದ ನೆಲದಲ್ಲಿ ಸುಮಾರು ಶೇ 10ರಷ್ಟು ಇಂಥದ್ದು, ಅದರಲ್ಲಿ ಶೇ 5ಕ್ಕಿಂತ ಕಡಿಮೆ ಮಾತ್ರ ರಕ್ಷಿತ ಪ್ರದೇಶದಲ್ಲಿದೆ ಎಂದು ಅದು ತೋರಿಸಿತು. 2005ರಿಂದ 2015ರ ನಡುವೆ ಭಾರತದ ಹುಲ್ಲುಗಾವಲು 1.8 ಕೋಟಿ ಹೆಕ್ಟೇರ್‌ನಿಂದ 1.2 ಕೋಟಿಗೆ ಇಳಿಯಿತು ಎಂದು 2024ರ ಜಾಗತಿಕ ವರದಿಯೂ ಹೇಳುತ್ತದೆ. ಹತ್ತೇ ವರ್ಷದಲ್ಲಿ ಮೂರನೇ ಒಂದು ಭಾಗ.

ಕರ್ನಾಟಕಕ್ಕೆ ಇದರಲ್ಲಿ ಒಂದು ವಿಶೇಷ ಇದೆ. ನಮ್ಮಲ್ಲಿ ಹುಲ್ಲುಗಾವಲನ್ನು ಪಾಳು ಅನ್ನದ ಆಡಳಿತವೂ ಇತ್ತು. ಮೈಸೂರು ಒಡೆಯರ ಬೆಣ್ಣೆ ಚಾವಡಿ, ಹೈದರ್ ಮತ್ತು ಟಿಪ್ಪು ಕಾಲಕ್ಕೆ ಅಮೃತ್ ಮಹಲ್ ಆಯಿತು. ಫಿರಂಗಿ ಎಳೆಯುವ ದನಗಳ ಇಲಾಖೆ ಅದು. ಆ ದನಗಳಿಗೆಂದೇ ಕಾವಲುಗಳನ್ನು, ಅಂದರೆ ಮೇಯುವ ಬಯಲುಗಳನ್ನು, ಕಾಯ್ದಿರಿಸಿದ್ದರು. ಒಂದು ಕಾಲಕ್ಕೆ ಅವೆಲ್ಲ ಸೇರಿ 4 ಲಕ್ಷ ಎಕರೆ ಮಿಕ್ಕಿದ್ದವು. ಸ್ವಾರಸ್ಯ ಇರುವುದು ವಿಂಗಡಣೆಯಲ್ಲಿ. ಬೇಸಿಗೆಯ ಕಾವಲು, ಮಳೆಗಾಲದ ಕಾವಲು, ಚಳಿಗಾಲದ ಕಾವಲು ಎಂದು ಬೇರೆ ಬೇರೆ ಇದ್ದವು. ದನ ಋತುವಿಗೆ ತಕ್ಕಂತೆ ಒಂದರಿಂದ ಇನ್ನೊಂದಕ್ಕೆ ನಡೆಯುತ್ತಿತ್ತು. ಮಂಗೋಲಿಯಾದವರು ಈಗ ವಿಶ್ವಸಂಸ್ಥೆಯಲ್ಲಿ ಹೇಳುತ್ತಿರುವ ಮಾತನ್ನು ನಮ್ಮ ರಾಜರ ಇಲಾಖೆ ಆಗಲೇ ಕಡತದಲ್ಲಿ ಬರೆದಿಟ್ಟಿತ್ತು. ಯುದ್ಧಕ್ಕಾಗಿ ಮಾಡಿದ್ದು, ಕುರಿಗಾಹಿಗಳ ಮೇಲಿನ ಪ್ರೀತಿಗಲ್ಲ, ಅದೂ ನಿಜ. ಬೆಂಗಳೂರಿನಲ್ಲಿ ಕಾವಲ್ ಭೈರಸಂದ್ರ, ಬಿ.ಎಂ. ಕಾವಲ್, ಜಾರಕಬಂಡೆ ಕಾವಲ್ ಅಂತ ಹೆಸರುಗಳು ಉಳಿದಿವೆ. ಮೇಯುವ ನೆಲ ಬಹಳ ಉಳಿದಿಲ್ಲ.

ದೊಡ್ಡ ಪೆಟ್ಟು ಬಿದ್ದದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ. ಅಲ್ಲಿನ ಅಮೃತ್ ಮಹಲ್ ಕಾವಲಿನಲ್ಲಿ ಸುಮಾರು 10,000 ಎಕರೆ ರಕ್ಷಣಾ ಸಂಶೋಧನೆ, ಬಾಹ್ಯಾಕಾಶ, ಅಣುಶಕ್ತಿ ಸಂಸ್ಥೆಗಳಿಗೆ ಮತ್ತು ಇತರರಿಗೆ ಹೋಯಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೂ 1,500 ಎಕರೆ ಸಿಕ್ಕಿತು. ಸುತ್ತಲಿನ ಹಳ್ಳಿಗಳ ಜನ ತಲೆಮಾರುಗಳಿಂದ ಅಲ್ಲಿ ಕುರಿ, ದನ ಮೇಯಿಸುತ್ತಿದ್ದರು. ಚಳ್ಳಕೆರೆಯ ಕಂಬಳಿಗೆ ಉಣ್ಣೆ ಬರುತ್ತಿದ್ದದ್ದು ಆ ಕುರಿಗಳಿಂದ. ಗೋಡೆ ಏಳುವಾಗಲೇ ಬಹಳ ಜನಕ್ಕೆ ವಿಷಯ ಗೊತ್ತಾದದ್ದು. ಹಸಿರು ನ್ಯಾಯಮಂಡಳಿಗೆ ದೂರು ಹೋಯಿತು, ಯೋಜನೆಗಳು ನಿಲ್ಲಲಿಲ್ಲ. 2017ರಲ್ಲಿ ಡಿಆರ್‌ಡಿಒದ ವಿಮಾನ ಪರೀಕ್ಷಾ ಕೇಂದ್ರ ಉದ್ಘಾಟನೆಯಾಯಿತು. ದೇಶಕ್ಕೆ ಅಂಥ ಕೇಂದ್ರ ಬೇಡ ಅಂತ ನಾನು ಹೇಳುವುದಿಲ್ಲ. ಆದರೆ ಜಾಗ ಆರಿಸುವಾಗ ಆ ನೆಲ 'ಖಾಲಿ' ಆಗಿ ಕಂಡಿತಲ್ಲ, ಅದು ಹೇಗೆ ಕಂಡಿತು ಅನ್ನುವುದೇ ನನ್ನ ಪ್ರಶ್ನೆ. ಬೆಂಗಳೂರಿನ ಕಚೇರಿಯಿಂದ ನೋಡಿದಾಗ ಹಾಗೆ ಕಂಡಿರಬೇಕು. ವೇದಿಕೆ ಮೇಲೆ ರಾಜಕಾರಣಿಗಳ ಹೆಗಲಿಗೆ ಕಂಬಳಿ ಹೊದಿಸಿ ಫೋಟೊ ತೆಗೆಸುವುದು ಮಾತ್ರ ನಿಂತಿಲ್ಲ.

ಪಾವಗಡದ ಕತೆ ಇನ್ನೊಂದು ಬಗೆಯದ್ದು. ಅಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟ್‌ನ ಸೋಲಾರ್ ಪಾರ್ಕ್ ಇದೆ. ಸರ್ಕಾರ ರೈತರ ಜಮೀನನ್ನು ಕೊಂಡುಕೊಳ್ಳಲಿಲ್ಲ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆಯಿತು. ಬರದ ಸೀಮೆಯ ರೈತನಿಗೆ ಅದು ಒಳ್ಳೆಯ ಆದಾಯವೇ. ದೇಶದ ಎಷ್ಟೋ ಯೋಜನೆಗಳಿಗಿಂತ ನ್ಯಾಯವಾಗಿಯೇ ನಡೆಯಿತು ಅನ್ನಬಹುದು. ಆದರೂ ಒಂದು ವರ್ಗ ಪೂರ್ತಿ ಹೊರಗೆ ಉಳಿಯಿತು. ಜಮೀನಿಲ್ಲದೆ, ಬೀಳು ಬಿಟ್ಟ ಹೊಲಗಳಲ್ಲಿ ಕುರಿ ಮೇಯಿಸುತ್ತಿದ್ದವರಿಗೆ ಗುತ್ತಿಗೆ ದುಡ್ಡು ಬರಲಿಲ್ಲ, ಮೇವೂ ಹೋಯಿತು. ಅವರು ಆ ನೆಲ ಬಳಸುತ್ತಿದ್ದದ್ದು ಎಲ್ಲರಿಗೂ ಗೊತ್ತಿತ್ತು. ಆದರೆ ಅವರ ಹೆಸರು ಯಾವ ಪಹಣಿಯಲ್ಲೂ ಇರಲಿಲ್ಲ. ಪರಿಹಾರ ಪಹಣಿ ನೋಡಿ ಬರುತ್ತದೆ.

ಹಸಿರು ವಿದ್ಯುತ್ತಿಗೂ ಕುರಿಗಾಹಿಗೂ ನಡೆಯುವ ಈ ಜಗಳ ನಮ್ಮಲ್ಲಿ ಮಾತ್ರ ಇಲ್ಲ. ಕೀನ್ಯಾದ ತುರ್ಕಾನಾ ಸರೋವರದ ಬಳಿ 310 ಮೆಗಾವಾಟ್‌ನ ಗಾಳಿ ವಿದ್ಯುತ್ ಘಟಕಕ್ಕೆ 1.5 ಲಕ್ಷ ಎಕರೆ ಕೊಟ್ಟರು. ಅಲ್ಲಿನ ಪಶುಪಾಲಕರು ಕೋರ್ಟಿಗೆ ಹೋದರು. ಜಮೀನು ಕೊಟ್ಟ ರೀತಿ ಕಾನೂನಿಗೆ ಸರಿಯಿಲ್ಲ ಎಂದು 2021ರಲ್ಲಿ ತೀರ್ಪು ಬಂತು. ಅದೇ ವರ್ಷ ನಾರ್ವೆಯ ಸುಪ್ರೀಂ ಕೋರ್ಟು ಫೋಸೆನ್ ಎಂಬಲ್ಲಿ ಎದ್ದ ಗಾಳಿ ಯಂತ್ರಗಳು ಸಾಮಿ ಜನರ ಹಕ್ಕನ್ನು ಮೀರಿವೆ ಎಂದು ಹೇಳಿತು. ಸಾಮಿಗಳು ಹಿಮಸಾರಂಗ ಸಾಕುವವರು. ಚಳಿಗಾಲದಲ್ಲಿ ಅವರ ಹಿಂಡು ಮೇಯುವ ಜಾಗ ಅದಾಗಿತ್ತು. ನಾರ್ವೆಯಷ್ಟು ಸಿರಿವಂತ, ಕಾನೂನು ಬಲ್ಲ ದೇಶದಲ್ಲೂ ಯಂತ್ರಗಳು ಎದ್ದ ಮೇಲೆ ತೀರ್ಪು ಬಂತು. ಗೆದ್ದವರು ಮತ್ತೆ ಓಸ್ಲೋದ ಬೀದಿಗೆ ಇಳಿದು ಪ್ರತಿಭಟಿಸಿದ ಮೇಲೆಯೇ ಒಪ್ಪಂದ ಆದದ್ದು.

ಹಾಗಾದರೆ ಎಲ್ಲಿಯಾದರೂ ಸರಿಹೋಗಿದೆಯಾ? ದಾರಿಯನ್ನು ಕಾನೂನಿನಲ್ಲಿ ಬರೆದ ದೇಶ ಅಂದರೆ ಸ್ಪೇನ್. ಅಲ್ಲಿ 1273ರಲ್ಲೇ ಕುರಿ ಸಾಕುವವರ ಸಂಘಕ್ಕೆ ರಾಜನ ರಕ್ಷಣೆ ಇತ್ತು. 1995ರಲ್ಲಿ ಬಂದ ಕಾನೂನು ಹಿಂಡು ನಡೆಯುವ ಸುಮಾರು 1,25,000 ಕಿ.ಮೀ. ದಾರಿಯನ್ನು ಸಾರ್ವಜನಿಕ ಆಸ್ತಿ ಎಂದಿತು. ಅದನ್ನು ಮಾರುವಂತಿಲ್ಲ, ಒತ್ತುವರಿಯನ್ನು ಸಕ್ರಮ ಮಾಡುವಂತಿಲ್ಲ. ಬೆಂಗಳೂರಿನವರಿಗೆ ಈ ಕೊನೆಯ ಮಾತು ಕನಸಿನಂತೆ ಕೇಳಬಹುದು. ಶರತ್ಕಾಲದ ಒಂದು ದಿನ ಮ್ಯಾಡ್ರಿಡ್ ನಗರದ ನಡುವೆಯೇ ಕುರಿ ಹಿಂಡು ಹಾದುಹೋಗುತ್ತದೆ. ಹಳೆಯ ಒಪ್ಪಂದದ ನೆನಪಿಗೆ ಕುರಿಗಾಹಿಗಳು ನಗರಕ್ಕೆ ಹಳೇ ನಾಣ್ಯದಲ್ಲಿ ಸುಂಕ ಕಟ್ಟುತ್ತಾರೆ. ಪ್ರವಾಸಿಗಳಿಗೆ ಅದೊಂದು ಜಾತ್ರೆ. ಆದರೆ ಹಕ್ಕನ್ನು ವರ್ಷಕ್ಕೊಮ್ಮೆ ನಡೆದು ತೋರಿಸದಿದ್ದರೆ ಅದು ಕಾಗದದಲ್ಲೇ ಉಳಿಯುತ್ತದೆ ಎಂದು ಅವರಿಗೆ ಗೊತ್ತು. ಋತುವಿಗೆ ತಕ್ಕಂತೆ ಹಿಂಡು ಹೊಡೆದುಕೊಂಡು ಹೋಗುವ ಪದ್ಧತಿಯನ್ನು ಯುನೆಸ್ಕೊ 2019ರಲ್ಲಿ ಪರಂಪರೆಯ ಪಟ್ಟಿಗೆ ಸೇರಿಸಿತು. 2023ರಲ್ಲಿ ಆ ಪಟ್ಟಿಗೆ ಯುರೋಪಿನ ಇನ್ನೂ ಕೆಲವು ದೇಶಗಳು ಸೇರಿಕೊಂಡವು.

ಪಶ್ಚಿಮ ಆಫ್ರಿಕಾದವರು ಇನ್ನೂ ದೊಡ್ಡ ಪ್ರಯೋಗ ಮಾಡಿದರು. ಅಲ್ಲಿ ದನ ದೇಶದ ಗಡಿ ದಾಟಿ ನಡೆಯುತ್ತವೆ. 1998ರಲ್ಲಿ ಅಲ್ಲಿನ ಆರ್ಥಿಕ ಒಕ್ಕೂಟವಾದ ಇಕೋವಾಸ್‌ನ ದೇಶಗಳು ಒಪ್ಪಂದ ಮಾಡಿಕೊಂಡು, ಲಸಿಕೆ ಹಾಕಿಸಿದ ಹಿಂಡಿಗೆ ಒಂದು ಪ್ರಮಾಣಪತ್ರ ಕೊಟ್ಟು ಗಡಿ ದಾಟಲು ಬಿಡುವ ಏರ್ಪಾಡು ತಂದವು. ಕಾಗದದಲ್ಲಿ ಬಹಳ ಚೆನ್ನಾಗಿದೆ. ಆದರೆ ದಾರಿಯುದ್ದಕ್ಕೂ ಹೊಲಗಳು ಹಬ್ಬಿದವು, ಬಂದೂಕು ಸುಲಭಕ್ಕೆ ಸಿಗತೊಡಗಿತು, ರೈತರಿಗೂ ಪಶುಪಾಲಕರಿಗೂ ನಡುವೆ ರಕ್ತ ಹರಿಯಿತು. ನೈಜೀರಿಯಾದ ಬೆನುಯೆ ರಾಜ್ಯ 2017ರಲ್ಲಿ ಬಯಲಿನಲ್ಲಿ ಮೇಯಿಸುವುದನ್ನೇ ನಿಷೇಧಿಸಿತು. ಆ ಮೇಲೂ ಅಲ್ಲಿ ಕೊಲೆಗಳು ನಿಂತಿಲ್ಲ.

ವಿಮೆಯ ಪ್ರಯೋಗ ಜಾಣತನದ್ದು. ಕೀನ್ಯಾದ ಮಾರ್ಸಾಬಿಟ್‌ನಲ್ಲಿ 2010ರಲ್ಲಿ ಶುರುವಾಯಿತು. ಬರದಲ್ಲಿ ಸತ್ತ ದನಗಳನ್ನು ಎಣಿಸಲು ಅಧಿಕಾರಿ ಬರಬೇಕಿಲ್ಲ. ಉಪಗ್ರಹ ಮೇಲಿನಿಂದ ಹಸಿರು ಎಷ್ಟಿದೆ ಎಂದು ನೋಡುತ್ತದೆ, ಒಂದು ಮಟ್ಟಕ್ಕಿಂತ ಕಡಿಮೆಯಾದರೆ ದುಡ್ಡು ಬರುತ್ತದೆ. ನಮ್ಮ ಅನುಗ್ರಹ ಯೋಜನೆಯ ಜೊತೆ ಇಟ್ಟು ನೋಡಿ. ಕುರಿ ಸತ್ತರೆ ಕೊಡುತ್ತಿದ್ದ 5,000 ರೂಪಾಯಿಯನ್ನು 2025-26ರ ಬಜೆಟ್ಟಿನಲ್ಲಿ 7,500ಕ್ಕೆ ಏರಿಸಿದರು. ಒಳ್ಳೆಯದಾಯಿತು. ಆದರೆ ಪಶುವೈದ್ಯರು ಬಂದು ಮರಣೋತ್ತರ ಪರೀಕ್ಷೆ ಮಾಡಬೇಕು. ಊರಲ್ಲಿ ಕುರಿ ಕಟ್ಟಿಕೊಂಡವನಿಗೆ ಅದು ಆಗುವ ಮಾತು. ಊರಿಂದ ನೂರಾರು ಕಿಲೋಮೀಟರ್ ದೂರ, ಗುರುತಿಲ್ಲದ ತಾಲ್ಲೂಕಿನಲ್ಲಿ, ನಾಳೆ ಬೆಳಗ್ಗೆ ಮುಂದಿನ ಊರಿಗೆ ಹೊರಡಬೇಕಾದವನಿಗೆ ಅಷ್ಟು ಸುಲಭ ಅಲ್ಲ. ಕೀನ್ಯಾದ ವಿಮೆಗೂ ಮಿತಿ ಇದೆ. ಅದು ಬರಕ್ಕೆ ದುಡ್ಡು ಕೊಡುತ್ತದೆ, ಬೇಲಿಗೆ ಕೊಡುವುದಿಲ್ಲ.

ಮಂಗೋಲಿಯಾವನ್ನು ಸುಮ್ನೆ ಹೊಗಳಿ ಬಿಡುವಂತೆಯೂ ಇಲ್ಲ. ಅಲ್ಲಿ ಮೇಯುವ ನೆಲ ಯಾರ ಖಾಸಗಿ ಆಸ್ತಿಯೂ ಅಲ್ಲ. 1990ರ ನಂತರ ಸಹಕಾರಿ ವ್ಯವಸ್ಥೆ ಮುರಿದುಬಿತ್ತು, ಪ್ರಾಣಿಗಳು ಖಾಸಗಿಯಾದವು. ಮೇಕೆಯ ಕ್ಯಾಶ್ಮೀರ್ ಉಣ್ಣೆಗೆ ಬೆಲೆ ಬಂತು, ಮೇಕೆಗಳು ಮಿತಿ ಮೀರಿ ಹೆಚ್ಚಿದವು. ಯಾರು ಯಾವಾಗ ಎಲ್ಲಿ ಮೇಯಿಸಬೇಕು ಎಂದು ಹೇಳುವ ವ್ಯವಸ್ಥೆ ಸಡಿಲವಾಯಿತು. 2023-24ರ ಚಳಿಗಾಲದಲ್ಲಿ ಹಿಮ ಹೆಪ್ಪುಗಟ್ಟಿ ಮೇವು ಸಿಗದೆ 70 ಲಕ್ಷಕ್ಕೂ ಜಾಸ್ತಿ ಪ್ರಾಣಿಗಳು ಸತ್ತವು. ನೆಲ ಎಲ್ಲರದ್ದು ಅಂದರೆ ಸಾಲದು, ಸರದಿ ಯಾರದ್ದು ಅನ್ನುವುದೂ ಬೇಕು. ನಮ್ಮ ಹಳೇ ಕಾವಲುಗಳಲ್ಲಿ ಇದ್ದದ್ದು ಆ ಸರದಿಯೇ.

ಸದ್ದಿಲ್ಲದೆ ನಡೆಯುತ್ತಿರುವ ಒಂದು ಜಾಗತಿಕ ಕೆಲಸವನ್ನು ನಾನು ಮೆಚ್ಚುತ್ತೇನೆ. ಕುರಿ, ಮೇಕೆಗಳ ಪಿಪಿಆರ್ ರೋಗ, ಅಂದರೆ ನಮ್ಮ ಹಿರೇಬೇನೆ. ಅದನ್ನು 2030ರೊಳಗೆ ಜಗತ್ತಿನಿಂದಲೇ ಅಳಿಸಬೇಕು ಎಂದು 2015ರಲ್ಲಿ ಗುರಿ ಇಟ್ಟರು. ದನಗಳ ದೊಡ್ಡರೋಗವನ್ನು 2011ರಲ್ಲಿ ಹಾಗೆಯೇ ಅಳಿಸಿದ್ದರು, ಆದ್ದರಿಂದ ಇದು ಬರೀ ಆಸೆ ಅಲ್ಲ. ಇದರ ಲಸಿಕೆ ನಮ್ಮ ಹೆಬ್ಬಾಳದ ಪಶು ಆರೋಗ್ಯ ಸಂಸ್ಥೆಯಲ್ಲೂ ತಯಾರಾಗುತ್ತದೆ. ಆದರೆ ಇಲ್ಲೂ ಅದೇ ತೊಡಕು. ಲಸಿಕೆ ಹಾಕುವವರು ಊರೂರಿಗೆ ಹೋಗುತ್ತಾರೆ. ಹಿಂಡು ಆ ಹೊತ್ತಿಗೆ ಊರಲ್ಲಿ ಇರುವುದಿಲ್ಲ.

ಕಾಡಿನ ವಿಷಯ ಬಂದಾಗ ವಾದ ಬಿಗಿಯಾಗುತ್ತದೆ. 2025ರ ಜೂನ್‌ನಲ್ಲಿ ಮಲೆ ಮಹದೇಶ್ವರ ಬೆಟ್ಟದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ನಾಲ್ಕು ಮರಿಗಳು ವಿಷ ಬೆರೆತ ಹಸುವಿನ ಕಳೇಬರ ತಿಂದು ಸತ್ತವು. ಹುಲಿ ಕೊಂದ ಹಸುವಿಗೇ ವಿಷ ಹಾಕಿದ್ದರು. ಮರುತಿಂಗಳೇ ಅರಣ್ಯ ಸಚಿವ ಈಶ್ವರ ಖಂಡ್ರೆ ಕಾಡಿನಲ್ಲಿ ದನ, ಕುರಿ ಮೇಯಿಸುವುದನ್ನು ತಡೆಯಲು ಸೂಚಿಸಿದರು. ತಮಿಳುನಾಡಿಗೆ ಸಂಬಂಧಿಸಿ ಮದ್ರಾಸ್ ಹೈಕೋರ್ಟ್ 2022ರಲ್ಲಿ ಕೊಟ್ಟ ಆದೇಶ ಅದಕ್ಕೆ ಆಧಾರ. ಆದರೆ ಆ ಕೋರ್ಟೇ ಕೆಲವೇ ದಿನಗಳಲ್ಲಿ ತನ್ನ ಆದೇಶವನ್ನು ಹುಲಿ ಮೀಸಲು, ರಾಷ್ಟ್ರೀಯ ಉದ್ಯಾನ, ಅಭಯಾರಣ್ಯಗಳಿಗೆ ಸೀಮಿತ ಮಾಡಿತ್ತು. ಹುಲಿಗೆ ವಿಷ ಹಾಕಿದ್ದನ್ನು ಯಾರೂ ಸಮರ್ಥಿಸುವುದಿಲ್ಲ. ಕಾಡಿನೊಳಗೆ ದನ ಹೆಚ್ಚಾದರೆ ಜಿಂಕೆಗೆ ಮೇವು ಕಡಿಮೆ, ರೋಗವೂ ಹರಡುತ್ತದೆ. ಅದೆಲ್ಲ ಒಪ್ಪುತ್ತೇನೆ. ಆದರೆ ಕಾಡಿನ ಹೊರಗಿನ ಗೋಮಾಳ, ಕಾವಲುಗಳನ್ನು ಒಂದೊಂದಾಗಿ ಹಂಚಿದ ಮೇಲೆ ದನ ಕಾಡಿಗೇ ಹೋಗುತ್ತದೆ. ಆ ಬಾಗಿಲನ್ನೂ ಮುಚ್ಚುವವರು ಮೊದಲ ಬಾಗಿಲು ಮುಚ್ಚಿದ್ದು ಯಾರು ಎಂದು ನೋಡಬೇಕಲ್ಲ.

ಕಾನೂನಿನಲ್ಲಿ ದಾರಿಯೇ ಇಲ್ಲ ಅಂತಲ್ಲ. 2006ರ ಅರಣ್ಯ ಹಕ್ಕು ಕಾಯ್ದೆಯ ಕಲಂ 3(1)(ಡಿ) ಅಲೆಮಾರಿ ಪಶುಪಾಲಕರ ಋತುಮಾನದ ಬಳಕೆಯನ್ನು ಹಕ್ಕು ಎಂದೇ ಗುರುತಿಸುತ್ತದೆ. ಭಾರತದ ಕಾನೂನಿನಲ್ಲಿ ಇಂಥ ಮಾತು ಅಪರೂಪ. ಆದರೆ ಪರಿಶಿಷ್ಟ ಪಂಗಡಕ್ಕೆ ಸೇರದವರು 75 ವರ್ಷ, ಅಂದರೆ ಮೂರು ತಲೆಮಾರು, ಅಲ್ಲಿ ನೆಲೆಸಿದ್ದಕ್ಕೆ ಸಾಕ್ಷಿ ಕೊಡಬೇಕು. ಬೆಳಗಾವಿಯ ಕುರುಬ ಎಲ್ಲಿ ನೆಲೆಸಿದ್ದಕ್ಕೆ ಸಾಕ್ಷಿ ತರಬೇಕು? ನಿಲ್ಲದೆ ಮುಂದಕ್ಕೆ ಹೋಗುವುದೇ ಅವನ ಬಳಕೆ. ಹಾಗಾಗಿ ಕಲಂ ಇದೆ, ಅದರಡಿ ಹಕ್ಕು ಸಿಕ್ಕವರು ಬಲು ಕಡಿಮೆ.

ಗೋಮಾಳದ ಕಾನೂನೂ ಹೀಗೆಯೇ. ಕರ್ನಾಟಕ ಭೂ ಕಂದಾಯ ನಿಯಮಗಳಲ್ಲಿ 100 ಜಾನುವಾರಿಗೆ 12 ಹೆಕ್ಟೇರ್, ಅಂದರೆ 30 ಎಕರೆ ಲೆಕ್ಕದಲ್ಲಿ ಮೇಯಲು ನೆಲ ಬಿಡಬೇಕು ಎಂದಿದೆ. ಒಳ್ಳೆಯ ನಿಯಮ. ಆದರೆ ಅದು ಆ ಊರಿನ ದನಕ್ಕೆ ಮಾತ್ರ. ಹಾದುಹೋಗುವ ಹಿಂಡು ಎಣಿಕೆಗೆ ಬರುವುದಿಲ್ಲ. ಊರಲ್ಲಿ ಟ್ರ್ಯಾಕ್ಟರ್ ಬಂದು ದನ ಕಡಿಮೆಯಾದರೆ ಗೋಮಾಳ 'ಹೆಚ್ಚುವರಿ' ಆಗುತ್ತದೆ. ಹೆಚ್ಚುವರಿ ಆದದ್ದು ಬಗರ್ ಹುಕುಂ ಅರ್ಜಿಗೋ, ಅಂದರೆ ಅನುಮತಿ ಇಲ್ಲದೆ ಉಳುತ್ತಿದ್ದ ಸರ್ಕಾರಿ ನೆಲವನ್ನು ಸಕ್ರಮ ಮಾಡುವುದಕ್ಕೋ, ಸಂಘ ಸಂಸ್ಥೆಗೋ ಹೋಗುತ್ತದೆ. ಬಗರ್ ಹುಕುಂನಲ್ಲಿ ಜಮೀನು ಪಡೆದವರಲ್ಲಿ ನಿಜವಾದ ಬಡವರೂ ಇದ್ದಾರೆ, ಅವರಿಂದ ಕಿತ್ತುಕೊಳ್ಳಿ ಅನ್ನುವುದು ಅನ್ಯಾಯ. ಒಬ್ಬ ಬಡವನಿಗೆ ಸಿಕ್ಕಿದ ನೆಲ ಇನ್ನೊಬ್ಬ ಬಡವನ ದಾರಿ ಆಗಿತ್ತು, ತೊಡಕು ಅಷ್ಟೇ. ಬೆಂಗಳೂರು ಸುತ್ತಲಿನ ಗೋಮಾಳಗಳ ಕತೆಯಲ್ಲಿ ಬಡವರ ಪಾಲು ಎಷ್ಟು ಅನ್ನುವುದನ್ನು ಓದುಗರ ಊಹೆಗೇ ಬಿಡುತ್ತೇನೆ.

ಹೆಸರಘಟ್ಟದಲ್ಲಿ ಸ್ವಲ್ಪ ಆಸೆ ಇದೆ. ಅಲ್ಲಿನ 5,678 ಎಕರೆಯನ್ನು ಸಂರಕ್ಷಣಾ ಮೀಸಲು ಮಾಡಲು ರಾಜ್ಯ ವನ್ಯಜೀವಿ ಮಂಡಳಿ 2024ರ ಅಕ್ಟೋಬರ್‌ನಲ್ಲಿ ಒಪ್ಪಿತು. ಅದೇ ಪ್ರಸ್ತಾಪವನ್ನು 2021ರಲ್ಲಿ ತಳ್ಳಿಹಾಕಿತ್ತು. ಬೆಂಗಳೂರಿಗೆ ನೀರು, ಹಕ್ಕಿ, ಬಯಲು ಉಳಿದದ್ದು ಸಂತೋಷ. ಅಲ್ಲಿ ಸುತ್ತಲಿನ ಹಳ್ಳಿಯವರು ದನ ಮೇಯಿಸುತ್ತಾ ಬಂದಿದ್ದಾರೆ. ಸಂರಕ್ಷಣಾ ಮೀಸಲು ಎಂಬ ವರ್ಗದಲ್ಲಿ ಜನರ ಹಕ್ಕನ್ನು ಉಳಿಸಿಕೊಳ್ಳಲು ಜಾಗ ಇದೆ. ಮೀಸಲಿನ ನಿರ್ವಹಣಾ ಯೋಜನೆ ಬರೆಯುವಾಗ ಮೇಯಿಸುವವರನ್ನು ಸಮಿತಿಯಲ್ಲಿ ಕೂರಿಸಿಕೊಂಡರೆ ಅದು ರಾಜ್ಯಕ್ಕೆ ಒಂದು ಮಾದರಿ ಆಗಬಹುದು. ಬೇಲಿ ಹಾಕಿ ಹಕ್ಕಿ ನೋಡುವವರಿಗೆ ಮಾತ್ರ ಬಿಟ್ಟರೆ ಇನ್ನೊಂದು ಉದ್ಯಾನ ಆಗುತ್ತದೆ.

ಕುರಿಗಾಹಿಗಳ ಮಕ್ಕಳು ಕುರಿ ಹಿಂದೆಯೇ ನಡೆಯಲಿ ಅಂತ ಯಾರೂ ಬಯಸಬೇಕಿಲ್ಲ. ಎಷ್ಟೋ ಮಕ್ಕಳು ಓದಿ ಬೆಂಗಳೂರಿನಲ್ಲಿ ಕೆಲಸ ಮಾಡುತ್ತಿದ್ದಾರೆ. ದಾರಿಯಲ್ಲಿ ಕುರಿ ಕಳ್ಳತನ, ಹೊಡೆತ, ಬೈಗುಳ ಎಲ್ಲ ಇದೆ. ವಲಸೆ ಕುರಿಗಾಹಿಗಳ ರಕ್ಷಣೆಗೆ ಕಾನೂನು ಬೇಕು ಅನ್ನುವ ಮಾತು ರಾಜ್ಯದಲ್ಲಿ ಎದ್ದದ್ದು ಅದಕ್ಕೇ. ಹೊಡೆತದಿಂದ ರಕ್ಷಣೆ ಬೇಕೇ ಬೇಕು. ಆದರೆ ಬಹಳ ಸಲ ಹೊಡೆತ ಬೀಳುವುದು ಮೇಯಿಸುವ ಜಾಗದ ಜಗಳದಲ್ಲಿ. ಜಾಗದ ಮಾತು ಬಿಟ್ಟು ಹೊಡೆತದ ಮಾತು ಮಾತ್ರ ಬರೆದರೆ ಪೊಲೀಸರಿಗೆ ಇನ್ನೊಂದು ಕಾಯ್ದೆ ಸಿಗುತ್ತದೆ, ಕುರಿಗೆ ಮೇವು ಸಿಗುವುದಿಲ್ಲ.

2019ರ ಗಣತಿಯ ಪ್ರಕಾರ ಕರ್ನಾಟಕದಲ್ಲಿ ಸುಮಾರು 1 ಕೋಟಿ 10 ಲಕ್ಷ ಕುರಿಗಳಿದ್ದವು. ಎಷ್ಟು ಕುರಿ ನಡೆಯುತ್ತವೆ, ಎಷ್ಟು ಕಟ್ಟಿಹಾಕಿದವು ಎಂದು ಆ ಗಣತಿ ಹೇಳಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಶುರುವಾದ 21ನೇ ಜಾನುವಾರು ಗಣತಿ ಮೊದಲ ಬಾರಿಗೆ ಪಶುಪಾಲಕರನ್ನು, ಅವರ ಹಿಂಡುಗಳನ್ನು ಬೇರೆಯಾಗಿ ಎಣಿಸುವ ಏರ್ಪಾಡು ಮಾಡಿದೆ. ನನ್ನ ಪ್ರಕಾರ ಈ ವರ್ಷದ ಎಲ್ಲ ಭಾಷಣಗಳಿಗಿಂತ ಇದು ದೊಡ್ಡದು. ಆ ಅಂಕಿ ಕೈಗೆ ಬಂದಾಗ ಕಂದಾಯ ಇಲಾಖೆ ಮಾಡಬೇಕಾದ ಕೆಲಸ ಕಷ್ಟದ್ದೇನಲ್ಲ. ಹಿಂಡುಗಳು ಯಾವ ತಿಂಗಳು ಯಾವ ಹೋಬಳಿ ದಾಟುತ್ತವೆ ಎಂದು ಕುರಿಗಾಹಿಗಳನ್ನೇ ಕೇಳಿ ನಕ್ಷೆ ಮಾಡಬೇಕು. ಆ ದಾರಿಯಲ್ಲಿ ಉಳಿದಿರುವ ಗೋಮಾಳ, ಕಾವಲು, ಕೆರೆಯಂಗಳಗಳನ್ನು ಅದರ ಮೇಲೆ ಇಟ್ಟು ನೋಡಬೇಕು. ಆಮೇಲೆ ಪಹಣಿಯ ಹಕ್ಕು ಮತ್ತು ಋಣಗಳ ಕಾಲಂನಲ್ಲಿ ಒಂದು ಸಾಲು ಸೇರಿಸಬೇಕು: ಇಂಥ ತಿಂಗಳಿಂದ ಇಂಥ ತಿಂಗಳವರೆಗೆ ವಲಸೆ ಹಿಂಡುಗಳ ಬಳಕೆಗೆ. ಆ ಸಾಲು ಇದ್ದರೆ ಮುಂದಿನ ಸಲ ಸೋಲಾರ್ ಪಾರ್ಕಿಗೆ ಜಾಗ ಹುಡುಕುವ ಅಧಿಕಾರಿಗೆ ಆ ನೆಲ ಖಾಲಿ ಎಂದು ಬರೆಯಲು ಆಗುವುದಿಲ್ಲ.